ಕೈ ನಿಲ್ಲಿಸಿದ ಪಾಠ

ಮೊನ್ನೆ ಶನಿವಾರ ಮಧ್ಯಾಹ್ನ ಒಣಹಾಕಿದ ಬಟ್ಟೆ ತರಲೆಂದು ಟೆರೇಸಿಗೆ ಹೋದವಳು ಮೆಟ್ಟಿಲ ತುದಿಯಲ್ಲೇ ನಿಂತುಬಿಟ್ಟೆ. ಕೆಳಗಿನ ಮನೆಯ ಹೆಂಗಸರು ಚಾಪೆ ಹಾಸಿಕೊಂಡು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಬಿಸಿಲುಂಡ ಒಣಮೆಣಸಿನಕಾಯಿಯ ವಾಸನೆ ಮೊದಲು ಬೆಲ್ಲದ ಪಾಕದಂತೆ ಸಿಹಿಯಾಗಿ ಬರುತ್ತದೆ. ಮೂಗು ಅದನ್ನು ನಂಬಿ ಇನ್ನೊಂದು ಉಸಿರು ಎಳೆದುಕೊಂಡರೆ ಆಯಿತು, ಘಾಟು ಗಂಟಲಿಗಿಳಿದು ಕಣ್ಣಲ್ಲಿ ನೀರು ತರುತ್ತದೆ. ನನಗೂ ಹಾಗೇ ಆಯಿತು. ಸೀನಿದೆ, ಕೆಮ್ಮಿದೆ, ಸೆರಗಿನಿಂದ ಮುಖ ಒರೆಸಿಕೊಂಡೆ. 'ಮೇಡಮ್ಮಾರ, ದೂರ ನಿಂದರ್ರಿ, ನಿಮಗಿದು ರೂಢಿ ಇಲ್ಲ' ಎಂದು ಅವರಲ್ಲೊಬ್ಬಳು ನಕ್ಕಳು. ರೂಢಿ ಇಲ್ಲವಂತೆ! ನಾನು ಹುಟ್ಟಿ ಬೆಳೆದ ಮನೆಯಲ್ಲಿ ಸಂಕ್ರಾಂತಿಯ ಆಚೆ ಈಚೆ ಇಡೀ ಪಡಸಾಲೆ ಈ ಕೆಂಪಿನಲ್ಲೇ ಮುಳುಗಿರುತ್ತಿತ್ತು ಎಂದು ಹೇಳಲು ಬಾಯಿ ತೆರೆದರೆ ಮತ್ತೊಂದು ಸೀನು ಬಂತು. ಬಟ್ಟೆ ಅಲ್ಲೇ ಬಿಟ್ಟು ಕೆಳಗಿಳಿದೆ. ಇಳಿದರೂ ಒಂದು ಕಡೆ ಕೂರಲಾಗಲಿಲ್ಲ. ಅಡುಗೆಮನೆಗೆ ಹೋದೆ, ಹೊರಗೆ ಬಂದೆ, ಕುರ್ಚಿ ಎಳೆದುಕೊಂಡೆ, ಮತ್ತೆ ಎದ್ದೆ.

ಈ ಚಡಪಡಿಕೆ ಮೆಣಸಿನಕಾಯಿಯದಷ್ಟೇ ಆಗಿರಲಿಲ್ಲ. ನಾನು ಶಿಕ್ಷಕರನ್ನು ತಯಾರು ಮಾಡುವ ಕಾಲೇಜೊಂದರಲ್ಲಿ ಇದ್ದೇನೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಲು ಹೊರಟವರಿಗೆ ಹೇಗೆ ಕಲಿಸಬೇಕೆಂದು ಹೇಳಿಕೊಡುವುದು ನನ್ನ ಕೆಲಸ. ಎರಡು ದಿನ ಕಳೆದರೆ, ಸೋಮವಾರ, ನಮ್ಮಲ್ಲೊಂದು ಸಭೆ ಇತ್ತು. ಇಂಗ್ಲಿಷ್ ಶಿಕ್ಷಕರಾಗುವವರು ಇಷ್ಟು ವರ್ಷ ಓದುತ್ತ ಬಂದ ಸಾಹಿತ್ಯದ ಪತ್ರಿಕೆಯನ್ನು ತೆಗೆದುಹಾಕಿ, ಆ ಜಾಗದಲ್ಲಿ ಮಾತನಾಡುವ ಇಂಗ್ಲಿಷಿನ ತರಬೇತಿ ಇಡಬೇಕೆ ಎಂಬುದು ಅಂದಿನ ವಿಷಯ. ತೆಗೆಯಬೇಕೆನ್ನುವವರು ದಡ್ಡರೇನಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಫೋನಿನಲ್ಲಿ ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡಬೇಕೆಂದರೆ ಬೆವರು ಬರುತ್ತದೆ, ಅಂಥವರು ಕಥೆ ಕವನ ಕಟ್ಟಿಕೊಂಡು ಏನು ಮಾಡಬೇಕು ಎಂದು ಅವರು ಕೇಳಿದಾಗ ಥಟ್ಟನೆ ಕೊಡುವ ಉತ್ತರ ನನ್ನಲ್ಲಿರುವುದಿಲ್ಲ. ತೆಗೆಯಬಾರದು ಎಂಬುದಂತೂ ಗೊತ್ತು. ಯಾಕೆ ಎಂಬುದನ್ನು ಬರೆಯಲು ಕೂತರೆ ಬರೆದದ್ದೆಲ್ಲ ಉದ್ಘಾಟನಾ ಭಾಷಣದಂತೆ ಕಾಣುತ್ತಿತ್ತು. ವಾರದಿಂದ ಹಾಳೆ ಹರಿದು ಹಾಕಿದ್ದೇ ಬಂತು. ಆ ಶನಿವಾರ ಮೂಗು ಒರೆಸಿಕೊಳ್ಳುತ್ತ ಮನೆತುಂಬ ಓಡಾಡುವಾಗ ಅನಿಸಿತು, ಈ ಪ್ರಶ್ನೆಗೆ ಉತ್ತರ ಗೊತ್ತಿದ್ದ ಮನೆಯೊಂದಿತ್ತು, ಅದು ನಮ್ಮೂರು ಶಲವಡಿಯಲ್ಲಿತ್ತು.

ಇತ್ತು ಎಂದೇ ಹೇಳಬೇಕು. ಮಣ್ಣಿನ ಮಾಳಿಗೆಯ, ದಪ್ಪ ಗೋಡೆಯ ಮನೆ ಅದು. ತಲೆಬಾಗಿಲು ದಾಟಿದರೆ ಎಡಕ್ಕೆ ಎತ್ತು ಕಟ್ಟುವ ಜಾಗ, ಬಲಕ್ಕೆ ಒಂದು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ, ಅದರಾಚೆ ಕತ್ತಲು ಕತ್ತಲಾದ ಅಡುಗೆಮನೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಬಿಲ್ಲೆಯೊಂದು ನೆಲಕ್ಕೆ ಬೀಳುತ್ತಿತ್ತು. ಅದು ಬೀಸುವ ಕಲ್ಲಿನ ಹತ್ತಿರ ಬಂದಾಗ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಒಲೆ ಹಚ್ಚುತ್ತಿದ್ದಳು. ಹತ್ತಿಕಟ್ಟಿಗೆಯ ಹೊಗೆ, ಸಗಣಿ, ಹುರಿದ ಅಗಸಿಯ ಚಟ್ನಿಪುಡಿ, ಎತ್ತಿನ ಮೈಯ ಬಿಸಿ, ಎಲ್ಲ ಸೇರಿ ಆ ಮನೆಗೆ ತನ್ನದೇ ಒಂದು ವಾಸನೆ ಇತ್ತು. ನಿಮ್ಮ ಬಾಲ್ಯದ ಮನೆಗೂ ಇದ್ದಿರಬೇಕು. ಅದು ಈಗ ನಿಮಗೂ ಎಲ್ಲೂ ಸಿಗುತ್ತಿರಲಿಕ್ಕಿಲ್ಲ. ಅಪ್ಪ ಹೊಲ ನೋಡಿಕೊಳ್ಳುತ್ತಿದ್ದ. ಅವ್ವ ಮನೆ ನೋಡಿಕೊಳ್ಳುತ್ತಿದ್ದಳು, ಮಾತು ಕಡಿಮೆ. ಅಪ್ಪನ ತಮ್ಮ, ನನ್ನ ಕಾಕಾ, ಊರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಮದುವೆಯ ಮಾತು ತೆಗೆದರೆ 'ಮೊದಲ ಈ ಎಂಟನೇತ್ತಿ ಹುಡುಗೋರು ಪಾಸಾಗಲಿ' ಎನ್ನುತ್ತಿದ್ದ. ಎಂಟನೆಯ ತರಗತಿಗೆ ಪ್ರತಿವರ್ಷ ಹೊಸ ಹುಡುಗರು ಬರುತ್ತಲೇ ಇದ್ದರು, ಅವನ ಮದುವೆ ಹಾಗೇ ಉಳಿಯಿತು.

ಚಳಿಗಾಲದಲ್ಲಿ ಪಟ್ಟಣದ ತರಬೇತಿ ಕಾಲೇಜಿನಿಂದ ಮಾಸ್ತರರಾಗಲಿರುವವರು ಪಾಠ ಮಾಡಿ ರೂಢಿ ಮಾಡಿಕೊಳ್ಳಲು ನಮ್ಮ ಶಾಲೆಗೆ ಬರುತ್ತಿದ್ದರು. ಬಸ್ಸು ಬೆಳಿಗ್ಗೆಯೊಂದು, ಸಂಜೆಯೊಂದು. ಗಂಡಸರು ಶಾಲೆಯ ಕೋಣೆಯಲ್ಲೇ ಮಲಗುತ್ತಿದ್ದರು, ಹೆಣ್ಣುಮಕ್ಕಳಿಗೆ ನಮ್ಮ ಮನೆ. ಇಂಗ್ಲಿಷ್ ಪಾಠದವರು ಮಾತ್ರ, ಗಂಡಸರಿರಲಿ ಹೆಂಗಸರಿರಲಿ, ಸಂಜೆ ನಮ್ಮ ಪಡಸಾಲೆಗೆ ಬರಲೇಬೇಕು. ಅದು ಕಾಕಾನ ಕಟ್ಟಳೆ. ಪಡಸಾಲೆಯಲ್ಲಿ ಮೆಣಸಿನಕಾಯಿಯ ರಾಶಿ, ಅದರ ಸುತ್ತ ಆಯಿ, ಅವ್ವ, ಓಣಿಯ ಒಂದಿಬ್ಬರು ಹೆಂಗಸರು, ಜೊತೆಗೆ ನಾನು. ಮರುದಿನ ಇಂಗ್ಲಿಷಿನಲ್ಲಿ ಕಲಿಸಬೇಕಾದ ಕಥೆಯನ್ನೋ ಕವಿತೆಯನ್ನೋ ಅವರು ನಮ್ಮೆದುರು ಕೂತು ಕನ್ನಡದಲ್ಲಿ ಹೇಳಬೇಕು. ಕಂಬಕ್ಕೆ ಒರಗಿ ಕೂತ ಕಾಕಾ ಹೇಳುವವರ ಮುಖ ನೋಡುತ್ತಿರಲಿಲ್ಲ, ನಮ್ಮ ಕೈ ನೋಡುತ್ತಿದ್ದ. ತೊಟ್ಟು ಬಿಡಿಸುವ ಕೈ ಒಂದು ಗಳಿಗೆಯಾದರೂ ತಾನಾಗಿ ನಿಂತರೆ ಪಾಠ ತಯಾರಾಯಿತೆಂದು ಅರ್ಥ. ನಿಲ್ಲದಿದ್ದರೆ, 'ಕೈ ನಿಲ್ಲಲಿಲ್ಲ ಅಕ್ಕೋರ, ಮತ್ತೊಮ್ಮೆ ಓದ್ರಿ' ಎನ್ನುತ್ತಿದ್ದ. ಬಂದ ದಿನದಿಂದಲೇ ಅವರನ್ನು ಅಕ್ಕೋರು, ಮಾಸ್ತರು ಎಂದು ಕರೆಯುತ್ತಿದ್ದ. ನೌಕರಿ ಸಿಕ್ಕ ಮೇಲೆ ಕಿವಿಗೆ ಹೊಸದೆನಿಸಬಾರದಂತೆ.

ಎಷ್ಟೋ ಜನಕ್ಕೆ ಇದು ಹುಚ್ಚಾಟವೆನಿಸುತ್ತಿತ್ತು. ಇಸ್ತ್ರಿ ಅಂಗಿಯ ಒಬ್ಬ ಠಾಕುಠೀಕಿನ ಮಾಸ್ತರ, 'ಸರ್, ನಾವು ಕಲಸೂದು ಭಾಷಾ. ಕಥಿ ಹೇಳಾಕ ಬಂದಿಲ್ರಿ' ಎಂದು ಸಿಡುಕಿದ್ದ. ಕಾಕಾ ಸಿಟ್ಟಾಗಲಿಲ್ಲ. 'ಭಾಷಾ ಯಾತಕ್ಕ ಐತ್ರಿ ಮಾಸ್ತರ? ಏನರ ಹೇಳಾಕ ಹೌದಿಲ್ಲೊ? ನಿಮ್ಮ ಕಡೆ ಹೇಳೂದ ಇರಲಿಲ್ಲಂದ್ರ ಹುಡುಗೋರು ನಿಮ್ಮ ಇಂಗ್ಲಿಷ್ ತಗೊಂಡು ಎಲ್ಲಿಗೆ ಹೋಗಬೇಕು?' ಎಂದ. ಆ ಮಾಸ್ತರ ಮುಖ ಊದಿಸಿಕೊಂಡೇ ಒಂದು ಬುಟ್ಟಿ ಮೆಣಸಿನಕಾಯಿ ಬಿಡಿಸಿ ಹೋದ. ಇನ್ನೊಬ್ಬಳು ಮಾತುಮಾತಿಗೆ 'ಕವಿ ಹೇಳುತ್ತಾನೆ, ಕವಿ ಹೇಳುತ್ತಾನೆ' ಎಂದಾಗ ಆಯಿ ತಡೆಯಲಾರದೆ, 'ಆ ಕವಿ ಅನ್ನಾಂವ ನಿಮ್ಮ ಊರಾಂವೇನ ತಂಗಿ, ಭಾಳ ವಹಿಸಿಕೊಂಡು ಮಾತಾಡ್ತಿ?' ಎಂದು ಕೇಳಿ ಎಲ್ಲರನ್ನೂ ನಗಿಸಿದ್ದಳು. ಅಳು ಬರಿಸುವ ಕಥೆಯಾದರೆ ಮೆಣಸಿನಕಾಯಿಯ ಘಾಟು ನಮಗೆ ಒಳ್ಳೆಯ ನೆಪ. ಕಣ್ಣೊರೆಸಿಕೊಂಡರೆ ಯಾರೂ ಯಾಕೆಂದು ಕೇಳುತ್ತಿರಲಿಲ್ಲ. ಆ ಸಂಜೆಗಳಲ್ಲಿ ನಾನು ಹಿಮ ಕಂಡೆ, ಸಮುದ್ರ ಕಂಡೆ, ಊರಾಚೆ ಒಂದು ಹಳ್ಳವನ್ನೂ ನೆಟ್ಟಗೆ ದಾಟದ ವಯಸ್ಸಿನಲ್ಲಿ.

ನಾನು ಎಂಟನೆಯ ತರಗತಿಯಲ್ಲಿದ್ದ ವರ್ಷ ಬಂದವಳು ಶಕುಂತಲಾ. ಕುಬಿಹಾಳದವಳು, ಕುರಿ ಸಾಕುವ ಮನೆತನ. ಎತ್ತರದ ಆಳು, ನಡೆದರೆ ಅಂಗಳ ಸಣ್ಣದೆನಿಸುತ್ತಿತ್ತು. ತಂದೆ ತೀರಿಹೋಗಿದ್ದ. ಇಬ್ಬರು ಅಣ್ಣಂದಿರು ಹಿಂಡು ಮಾರಿ ಹೊಲ ಮಾಡತೊಡಗಿದ್ದರು. ಅವರು ಅವಳಿಗೆ ಒಂದು ವರ್ಷ ಕೊಟ್ಟಿದ್ದರು. ಆ ಒಂದು ವರ್ಷದಲ್ಲಿ ತರಬೇತಿ ಪಾಸಾದರೆ ನೌಕರಿ, ಇಲ್ಲದಿದ್ದರೆ ಗೊತ್ತುಮಾಡಿಟ್ಟ ಮದುವೆ. ಎರಡನೆಯ ವರ್ಷದ ಮಾತೇ ಇಲ್ಲ. ಇದನ್ನು ಬಂದ ದಿನವೇ ಆಯಿಯ ಮುಂದೆ ರೊಟ್ಟಿ ಮುರಿಯುತ್ತ ಹೇಳಿದ್ದಳು, ಅಳುತ್ತ ಅಲ್ಲ, ಬಸ್ಸಿನ ವೇಳೆ ಹೇಳುವ ಹಾಗೆ. ಹಾಗಾಗಿ ಅವಳಿಗೆ ಎಲ್ಲದರಲ್ಲೂ ಅವಸರ. ವ್ಯಾಕರಣವೆಲ್ಲ ಬಾಯಿಪಾಠ, ಚಾರ್ಟುಗಳ ಮೇಲೆ ಮುತ್ತಿನಂಥ ಅಕ್ಷರ. ಆದರೆ ಇಂಗ್ಲಿಷಿನಲ್ಲಿ ಒಂದು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಅವಳು ಎಂದೂ ಓದಿರಲಿಲ್ಲ. ಗೈಡಿನಲ್ಲಿ ಸಾರಾಂಶ ಇರುತ್ತದೆ, ಪ್ರಶ್ನೋತ್ತರ ಇರುತ್ತದೆ, ಮತ್ತೇಕೆ ಕಥೆ? ಕಾಕಾ ಸಂಜೆಯ ಕಟ್ಟಳೆ ಹೇಳಿದಾಗ, 'ನನಗ ಪಾಸಾದ್ರ ಸಾಕ್ರಿ ಸರ್, ಇದನ್ನೆಲ್ಲಾ ಆಮ್ಯಾಲೆ ನೌಕರಿ ಹತ್ತಿದ ಮ್ಯಾಲೆ ಮಾಡ್ತೇನಿ' ಎಂದಳು. ಕಾಕಾ ನಕ್ಕು, ಮೆಣಸಿನಕಾಯಿಯ ಬುಟ್ಟಿಯನ್ನು ಅವಳ ಕಡೆ ಸರಿಸಿದ.

ಪರೀಕ್ಷಕರ ಮುಂದೆ ಅವಳು ಮಾಡಿ ತೋರಿಸಬೇಕಾದ ಪರೀಕ್ಷೆಯ ಪಾಠಕ್ಕೆ ಗೊತ್ತಾದದ್ದು ಒಂದು ಪುಟ್ಟ ಕುದುರೆಯ ಕಥೆ. ಯಾವುದೋ ಶೀತದೇಶದಲ್ಲಿ, ಮರಿಯಾಗಿದ್ದಾಗಲೇ ಕಲ್ಲಿದ್ದಲಿನ ಗಣಿಯೊಳಕ್ಕೆ ಇಳಿಸಿದ ಕುದುರೆ. ಇಡೀ ಆಯುಷ್ಯ ನೆಲದಡಿಯ ಕತ್ತಲಲ್ಲಿ ಗಾಡಿ ಎಳೆಯುತ್ತದೆ. ಕೊನೆಗೆ ಗಣಿ ಮುಚ್ಚುತ್ತದೆ, ಅದನ್ನು ಮೇಲೆ ತಂದು ಹುಲ್ಲುಗಾವಲಿನ ಬಾಗಿಲು ತೆರೆದುಬಿಡುತ್ತಾರೆ. ಕುದುರೆ ತೆರೆದ ಬಾಗಿಲಲ್ಲಿ ನಿಂತುಬಿಡುತ್ತದೆ, ಒಳಗೆ ಕಾಲಿಡುವುದಿಲ್ಲ. ಅದನ್ನು ನಡೆಸುತ್ತಿದ್ದ ಮುದುಕ ಕೂಲಿಯಾಳು ಸಂಜೆಯವರೆಗೂ ಅದರ ಪಕ್ಕ ಕೂತಿರುತ್ತಾನೆ. ಅಷ್ಟೇ ಕಥೆ. ಶಕುಂತಲಾ ಇದನ್ನು ಮೊದಲ ಸಂಜೆ ಗೈಡಿನ ಸಾರಾಂಶದಂತೆ ಹೇಳಿ ಮುಗಿಸಿದಾಗ ನಮ್ಮ ಯಾರ ಕೈಯೂ ನಿಂತಿರಲಿಲ್ಲ. ಆಯಿ ತೊಟ್ಟು ಮುರಿಯುತ್ತಲೇ, 'ಬಾಗಲಾ ತೆರದಿದ್ರೂ ಯಾಕ ನಿಂತ್ತವಾ ಅದು?' ಎಂದಳು.

'ಬೆಳಕಿಗೆ ಅಂಜಿತ್ರಿ ಅಮ್ಮಾ.'

ಕಾಕಾ ಕಂಬ ಬಿಟ್ಟು ಮುಂದೆ ಬಾಗಿದ. 'ಅಕ್ಕೋರ, ನೀವು ಕುರಿ ಮನ್ಯಾಗ ಬೆಳೆದವರು. ಅಂಜಿದ ಕುರಿ ನಿಂದ್ರತೈತೇನ್ರಿ?'

'ಇಲ್ರಿ ಸರ್. ಓಡತೈತಿ.'

'ಮತ್ತ?'

'ಗೈಡಿನ್ಯಾಗ ಹಂಗ ಐತ್ರಿ.'

ಯಾರೂ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಸುಲಭವಾಗುತ್ತಿತ್ತೇನೋ. ಅವಳ ಮುಖ ಕೆಂಪಾಯಿತು. ತನಗೆ ಗೊತ್ತಿದ್ದದ್ದನ್ನು ತಾನೇ ಬದಿಗಿಟ್ಟು ಬೇರೆಯವರ ಮಾತು ಒಪ್ಪಿಸಿದ್ದು ಅವಳಿಗೇ ಚುಚ್ಚಿರಬೇಕು. ಅಂದು ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಮರುದಿನದಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಳಿಗ್ಗೆ ನೀರಿಗೆ ಹೋಗುವಾಗ ಪುಸ್ತಕ, ಶಾಲೆ ಬಿಟ್ಟ ಮೇಲೆ ಮಾಳಿಗೆಯ ಮೇಲೆ ಒಣಗುತ್ತಿದ್ದ ಮೆಣಸಿನಕಾಯಿಯ ನಡುವೆ ಪುಸ್ತಕ. ಗೊತ್ತಿಲ್ಲದ ಪದ ಬಂದರೆ ಮೇಲಿನಿಂದಲೇ ಬೆಳಕಿಂಡಿಗೆ ಬಾಯಿ ಹಚ್ಚಿ ಕಾಕಾನನ್ನು ಕೇಳುವಳು. ಕಾಕಾ ಕೆಳಗಿನಿಂದ ಅರ್ಥ ಕೂಗುವನು. ಎತ್ತುಗಳು ಬೆಚ್ಚಿ ಕಿವಿ ನಿಮಿರಿಸುತ್ತಿದ್ದವು. ಕಥೆ ಮುಗಿದ ಮೇಲೆ ಕಾಕಾನ ಟ್ರಂಕಿನಿಂದ ಮತ್ತೊಂದು ಪುಸ್ತಕ ಕೇಳಿದಳು, ಅದು ಮುಗಿಯುವ ಮೊದಲೇ ಇನ್ನೊಂದು. ಪರೀಕ್ಷೆಯ ಪಾಠ ಹತ್ತಿರ ಬರುತ್ತಿತ್ತು, ಚಾರ್ಟು ಅರ್ಧಕ್ಕೇ ನಿಂತಿತ್ತು. 'ಈಕಿಗೆ ಏನಾಗೈತಿ? ಉಣ್ಣೂದು ಬಿಟ್ಟಾಳ' ಎಂದು ಅವ್ವ ಗೊಣಗಿದಳು. ಕಾಕಾ ಮಾತ್ರ ತನ್ನಷ್ಟಕ್ಕೆ ಸಿಳ್ಳೆ ಹಾಕುತ್ತ ಓಡಾಡುತ್ತಿದ್ದ. ಅಂಥ ಖುಷಿಯನ್ನು ಅವನ ಮುಖದಲ್ಲಿ ನಾನು ಆಮೇಲೆ ಕಾಣಲಿಲ್ಲ.

ಒಂದು ಸಂಜೆ ಅವಳು ತಾನಾಗಿಯೇ ಬಂದು ರಾಶಿಯ ಮುಂದೆ ಕೂತಳು. ಈ ಸಲ ಕುದುರೆಯನ್ನು ಬಿಟ್ಟು ತನ್ನ ಮನೆಯ ನಾಯಿಯಿಂದ ಶುರು ಮಾಡಿದಳು. ಅಪ್ಪ ಸತ್ತ ಮೇಲೆ ಅಣ್ಣಂದಿರು ಕುರಿ ಮಾರಿದರಂತೆ. ಕೊಂಡವರು ಹಿಂಡು ಹೊಡೆದುಕೊಂಡು ಹೋದರು, ನಾಯಿ ಉಳಿಯಿತು. ಅದು ದಿನಾ ಹೊತ್ತು ಮುಳುಗುವಾಗ ಎದ್ದು, ಖಾಲಿ ದೊಡ್ಡಿಯ ಸುತ್ತ ಓಡಿ ಓಡಿ, ಇಲ್ಲದ ಕುರಿಗಳನ್ನು ಒಳಗೆ ಹಾಕಿ, ಬಾಗಿಲಲ್ಲಿ ಅಡ್ಡ ಮಲಗುತ್ತಿತ್ತಂತೆ. 'ಕುರಿ ಹೋದದ್ದು ಅದಕ್ಕ ಗೊತ್ತಿತ್ರಿ ಅಮ್ಮಾ. ಆದ್ರ ಬ್ಯಾರೆ ಕೆಲಸಾ ಗೊತ್ತಿರಲಿಲ್ಲ' ಎಂದಳು. ಆಮೇಲೆ ಅದೇ ದನಿಯಲ್ಲಿ ಕುದುರೆಯ ಕಥೆಗೆ ದಾಟಿದಳು. ಗಣಿಯ ಕತ್ತಲು, ಗಾಡಿಯ ಗಾಲಿಯ ಸದ್ದು, ಹುಲ್ಲಿನ ಬಾಗಿಲು. ಕುದುರೆ ನಿಂತಿತು. ನನ್ನ ಕೈಯಲ್ಲಿದ್ದ ಮೆಣಸಿನಕಾಯಿ ಕೈಯಲ್ಲೇ ಉಳಿಯಿತು. ಆಯಿಯ ಕೈ ನಿಂತಿತ್ತು, ಓಣಿಯ ಹೆಂಗಸರದೂ ನಿಂತಿತ್ತು. ಆಗ, ಯಾರೂ ಕೇಳದೆ ಬಾಯಿ ಬಿಡದ ನನ್ನ ಅವ್ವ, ರಾಶಿಯನ್ನೇ ನೋಡುತ್ತ ಹೇಳಿದಳು: 'ನನಗೂ ತವರಮನ್ಯಾಗ ಹಂಗ ಆಗತೈತಿ. ಏನೂ ಮಾಡಬ್ಯಾಡ, ಕುಂದರು ಅಂತಾರ. ಎರಡ ದಿನಾ ಕುಂದ್ರೂದ್ರಾಗ ಈ ಕೈ ಎಲ್ಲಿ ಇಡಬೇಕು ತಿಳಿಯೂದಿಲ್ಲ.' ಅಪ್ಪ ಎತ್ತಿಗೆ ಮೇವು ಹಾಕುತ್ತಿದ್ದವನು ತಿರುಗಿ ಅವ್ವನನ್ನು ನೋಡಿದ. ಇಷ್ಟು ವರ್ಷ ಜೊತೆಗಿದ್ದರೂ ಈ ಮಾತು ಅವನಿಗೆ ಹೊಸದಿರಬೇಕು. ಕಾಕಾ ಎದ್ದು ಹೊರಗೆ ಹೋದ.

ಪರೀಕ್ಷೆಯ ದಿನ ಹಿಂದಿನ ಬೆಂಚಿನಲ್ಲಿ ಊರಾಚೆಯಿಂದ ಬಂದ ಪರೀಕ್ಷಕರು ಕೂತಿದ್ದರು, ಅವರ ಪಕ್ಕ ಕಾಕಾ. ನಮ್ಮದೇ ತರಗತಿ. ಶಕುಂತಲಾ ಕಥೆಯನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿದಳು. ಗೈಡಿನವರು ಬರೆದಿಟ್ಟ ಪ್ರಶ್ನೆಗಳನ್ನು ಕೇಳಲಿಲ್ಲ. ಪುಸ್ತಕ ಮುಚ್ಚಿ, 'ಗೇಟ್ ತೆರದೈತಿ. ಅದು ಯಾಕ ಹೋಗವಲ್ದು?' ಎಂದಳು. ನಮ್ಮ ಪಡಸಾಲೆಯಲ್ಲಿ ಕೇಳಿದ ಹಾಗೆಯೇ, ಕನ್ನಡದಲ್ಲೇ. ಒಬ್ಬ ಹುಡುಗ, 'ಸಾಲಿ ಬಿಟ್ಟ ಮ್ಯಾಲೂ ನಮ್ಮ ಹೆಡ್ ಮಾಸ್ತರು ಇಲ್ಲೇ ನಿಂತಿರ್ತಾರಲ್ರಿ, ಹಂಗ್ರಿ' ಎಂದ. ಎಲ್ಲರೂ ನಕ್ಕರು, ನಗುವಿನ ಹಿಂದೆಯೇ ಒಂದೊಂದಾಗಿ ಕೈಗಳು ಮೇಲೆದ್ದವು. ನಾನು ಎದ್ದು, ತವರಿಗೆ ಹೋದ ನಮ್ಮ ಅವ್ವನ ಹಾಗೆ ಎಂದೆ. 'ಹಂಗಾದ್ರ ಅದನ್ನ ಇಂಗ್ಲಿಷಿನ್ಯಾಗ ಹೇಳೂಣು' ಎಂದು ಅವಳು ಹಲಗೆಯ ಹತ್ತಿರ ನನ್ನನ್ನು ಕರೆದಳು. ನನಗೆ ಬೇಕಾದ ಪದ ಇರಲಿಲ್ಲ, ಅವಳು ಕೊಟ್ಟಳು. ಇನ್ನೊಂದು ಬೇಕಾಯಿತು, ಅದನ್ನೂ ಕೊಟ್ಟಳು. 'ಮೈ ಮದರ್ ಹ್ಯಾಸ್ ಫರ್ಗಾಟನ್ ಹೌ ಟು ರೆಸ್ಟ್.' ಬಾಯಿಪಾಠವಲ್ಲದ, ನನ್ನದೇ ಆದ ಮೊದಲ ಇಂಗ್ಲಿಷ್ ವಾಕ್ಯ ಅದು. ಹಿಂದಿನ ಬೆಂಚಿನ ಹುಡುಗ ತನ್ನ ಅಜ್ಜನ ಮಾತು ಹಿಡಿದು ಹಲಗೆಯತ್ತ ಓಡಿ ಬರುವಷ್ಟರಲ್ಲಿ ಗಂಟೆ ಹೊಡೆಯಿತು.

ಪರೀಕ್ಷಕರು ಕೆಟ್ಟವರೇನಾಗಿರಲಿಲ್ಲ. ಕಟ್ಟೆಯ ಮೇಲೆ ಚಹಾ ಕುಡಿಯುತ್ತ, 'ಹುಡುಗೋರನ್ನ ಚೊಲೊ ಮಾತಾಡಿಸಿದ್ರಿ' ಎಂದು ಅವಳಿಗೇ ಹೇಳಿದರು. ಆದರೆ ಇಂಗ್ಲಿಷ್ ಪಾಠದ ಅರ್ಧ ಹೊತ್ತು ಕನ್ನಡದಲ್ಲಿ ಹೋಗಿತ್ತು, ಉಚ್ಚಾರಣೆಯ ಅಭ್ಯಾಸ ಮಾಡಿಸಿರಲಿಲ್ಲ, ಚಾರ್ಟು ತೋರಿಸಿರಲಿಲ್ಲ, ಪಾಠ ಮುಗಿದೇ ಇರಲಿಲ್ಲ. ಅವರ ಬಳಿ ಇದ್ದ ಹಾಳೆಯಲ್ಲಿ ಇವಕ್ಕೆಲ್ಲ ಅಂಕ ಇತ್ತು. ಹುಡುಗ ಓಡಿ ಬಂದದ್ದಕ್ಕೆ ಇರಲಿಲ್ಲ. ಕಾಕಾ ವರಾಂಡದಲ್ಲಿ ಅವರೊಂದಿಗೆ ದನಿ ಏರಿಸಿ ವಾದ ಮಾಡಿದ್ದನ್ನು ಇಡೀ ಶಾಲೆ ಕೇಳಿತು. ಬೇಸಿಗೆಯಲ್ಲಿ ಫಲಿತಾಂಶ ಬಂತು. ಉಳಿದ ಪತ್ರಿಕೆಗಳಲ್ಲಿ ಪಾಸಾದ ಶಕುಂತಲಾ ಪಾಠದ ಪರೀಕ್ಷೆಯಲ್ಲಿ ನಪಾಸಾಗಿದ್ದಳು. ಮರುವರ್ಷ ಅದೊಂದನ್ನೇ ಮತ್ತೆ ಮಾಡಬಹುದಿತ್ತು, ಮರುವರ್ಷ ಅವಳಿಗೆ ಇದ್ದರೆ. ಸುದ್ದಿ ಗೊತ್ತಾದ ಬೆಳಿಗ್ಗೆಯೇ ಕಾಕಾ ಬಿಳಿ ಅಂಗಿ ತೊಟ್ಟು ಕುಬಿಹಾಳಕ್ಕೆ ಹೋದ, ಅಣ್ಣಂದಿರ ಕೈಕಾಲು ಹಿಡಿದಾದರೂ ಇನ್ನೊಂದು ವರ್ಷ ಕೇಳಿಕೊಂಡು ಬರುತ್ತೇನೆಂದು. ಸಂಜೆಯ ಬಸ್ಸಿಗೆ ಮರಳಿದ. ಕಾಲಿಗೆ ನೀರು ಹಾಕಿಕೊಂಡು ಎತ್ತುಗಳ ಹತ್ತಿರ ನಿಂತೇ ಇದ್ದ. 'ಏನಂದ್ರೋ?' ಎಂದು ಆಯಿ ಕೇಳಿದಳು. 'ಮಾತು ಅಂದ್ರ ಮಾತು ಅಂದ್ರವ್ವಾ' ಎಂದವನು ಮತ್ತೆ ಆ ವಿಷಯ ಎತ್ತಲಿಲ್ಲ. ಅವಳ ಮದುವೆಯ ಕರೆ ಬಂದಾಗ ಅಪ್ಪ ಹೋಗಿ ಬಂದ, ಕಾಕಾ ಹೋಗಲಿಲ್ಲ.

ಮುಂದಿನ ಚಳಿಗಾಲ ಬಂತು. ಮೆಣಸಿನಕಾಯಿ ಮಾಳಿಗೆಯಿಂದ ಪಡಸಾಲೆಗಿಳಿಯಿತು, ತರಬೇತಿಯವರೂ ಬಂದರು. ಸಂಜೆ ಅವರು ಬಂದು ಕೂತರೆ ಕಾಕಾ, 'ಇಲ್ಲೇನ ಮಾಡ್ತೀರಿ? ಹೋಗ್ರಿ, ಚಾರ್ಟ್ ಬರೀರಿ, ಗೈಡ್ ಸರಿಯಾಗಿ ಓದ್ರಿ. ಮೊದಲ ಪಾಸಾಗ್ರಿ' ಎಂದುಬಿಟ್ಟ. ಆಯಿಗೆ ನಂಬಿಕೆಯಾಗಲಿಲ್ಲ. 'ಈ ವರ್ಷದ ಕಥಿ ಯಾವುದೋ?' ಎಂದು ನಾಲ್ಕಾರು ದಿನ ಕೇಳುತ್ತಲೇ ಇದ್ದಳು. 'ಈ ವರ್ಷ ಕಥಿ ಇಲ್ಲವ್ವಾ' ಎಂದ. ಆ ಚಳಿಗಾಲವೆಲ್ಲ ನಮ್ಮ ಕೈಗಳು ನಿಲ್ಲದೆ ನಡೆದವು, ರಾಶಿ ಬೇಗ ಕರಗಿತು. ಯಾರಿಗೂ ಸುಖವಾಗಲಿಲ್ಲ. ಮನೆ ಬಿದ್ದದ್ದು ಎಷ್ಟೋ ವರ್ಷಗಳ ಮೇಲೆ. ಆಯಿ ಹೋದಳು, ಅಪ್ಪ ಅವ್ವ ಹೋದರು, ನಿವೃತ್ತನಾದ ಮೇಲೆ ಕಾಕಾ ನಮ್ಮ ಜೊತೆ ಧಾರವಾಡಕ್ಕೆ ಬಂದು ನನ್ನ ಮನೆಯಲ್ಲೇ ಕಣ್ಣುಮುಚ್ಚಿದ, ಜಾಗ ಕೈ ಬದಲಾಯಿತು, ಈಗ ಅಲ್ಲಿ ಟ್ರ್ಯಾಕ್ಟರ್ ರಿಪೇರಿಯ ತಗಡಿನ ಶೆಡ್ಡು ಇದೆ. ಆದರೆ ನನ್ನ ಪಾಲಿಗೆ ಆ ಮನೆಯ ಗೋಡೆ ಮೊದಲು ಬಿರುಕು ಬಿಟ್ಟದ್ದು ಆ ಚಳಿಗಾಲದಲ್ಲೇ. ಒಬ್ಬಳ ಬದುಕು ತನ್ನಿಂದ ಕೆಟ್ಟಿತೆಂದು ಕಾಕಾ ಕೊನೆಯವರೆಗೂ ನಂಬಿದ್ದ. ಕಾಯಿಲೆ ಬಿದ್ದಾಗ ಒಮ್ಮೆ, 'ಗೈಡ್ ಓದಕೊಂಡು ಹೋಗಿದ್ರ ಪಾಸ್ ಆಗ್ತಿದ್ಳು ನೋಡು' ಎಂದಿದ್ದ. ಯಾರ ಬಗ್ಗೆ ಎಂದು ನಾನು ಕೇಳಬೇಕಿರಲಿಲ್ಲ.

ಭಾನುವಾರ ನಾನು ಕುಬಿಹಾಳಕ್ಕೆ ಹೋದದ್ದು ಇದಕ್ಕೇ. ಸಭೆಯಲ್ಲಿ ಸಾಹಿತ್ಯ ಬೇಕೆಂದು ಬಾಯಿ ತುಂಬ ಹೇಳುವ ಮೊದಲು, ಅದರ ಬೆಲೆ ತೆತ್ತವಳ ಮುಖ ನೋಡಬೇಕೆನಿಸಿತು. ಬಸ್ಸಿಳಿದು ಕೇಳಿದರೆ ಮನೆ ಸುಲಭವಾಗಿ ಸಿಕ್ಕಿತು. ಕೊಟ್ಟದ್ದೂ ಅದೇ ಊರಿಗೆ. ಅಂಗಳದಲ್ಲಿ ಬಡಿದ ಕಡಲೆಯನ್ನು ಮೊರದಲ್ಲಿ ಕೇರುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು, ಎತ್ತರ ಹಾಗೇ ಇತ್ತು. ಶಲವಡಿ ಎಂದ ಕೂಡಲೇ ಮೊರ ಕೆಳಗಿಟ್ಟು, 'ಏ, ಸಣ್ಣಕಿ! ಅವ್ವನ ಮಾತು ಹೇಳಿದಾಕಿ! ಬಾರವಾ' ಎಂದು ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದಳು. ಹೊಲ, ಇಬ್ಬರು ಮಕ್ಕಳು, ಮೊಮ್ಮಗಳು, ಮೊಣಕಾಲು ನೋವು, ಎಲ್ಲ ಹೇಳಿದಳು. ನನ್ನ ಕೆಲಸವನ್ನೂ ಕೇಳಿ ತಿಳಿದುಕೊಂಡಳು. ಸಭೆಯ ವಿಷಯ ಹೇಳಿದೆ. ಆಮೇಲೆ, ಎದೆ ಗಟ್ಟಿ ಮಾಡಿಕೊಂಡು, ನಮ್ಮ ಕಾಕಾನ ಮೇಲೆ ನಿಮಗೆ ಸಿಟ್ಟಿತ್ತೇ ಎಂದು ಕೇಳಿಯೇಬಿಟ್ಟೆ.

'ಇತ್ತವಾ. ಭಾಳ ವರ್ಷ ಇತ್ತು' ಎಂದಳು. ನಾನು ನೆಲ ನೋಡಿದೆ. 'ನೌಕರಿ ಹೋತು ಅಂತ ಸಿಟ್ಟಲ್ಲ. ನೌಕರಿ ಹೋಗಿದ್ದಕ್ಕ ದುಃಖ ಆಗಿತ್ತು, ಅದು ಬ್ಯಾರೆ. ನಿಮ್ಮ ಕಾಕಾರು ಇಲ್ಲಿಗೆ ಬಂದ್ರು ನೋಡು, ತವರಮನಿ ಕಟ್ಟಿ ಮ್ಯಾಲೆ ಕುಂತು ನಮ್ಮ ಅಣ್ಣಗೋಳ ಮುಂದ, ತಪ್ಪು ನಂದು, ನಾನ ಆಕಿಗೆ ತಪ್ಪ ಹಾದಿ ತೋರಿಸಿದೆ ಅಂದ್ರು. ನಾ ಒಳಗ ನಿಂತು ಕೇಳಾಕತ್ತಿದ್ದೆ. ತಪ್ಪಂತ! ಆ ಪಾಠ ನಾ ಅಗದಿ ಚೊಲೊ ಮಾಡಿದ್ದೆ. ನನ್ನ ಜೀವಮಾನದಾಗ ಅಂಥಾದ್ದು ಇನ್ನೊಂದು ಮಾಡಿಲ್ಲ. ಅದನ್ನ ಬಂದು ತಪ್ಪಾತು ಅಂದ್ರಲ್ಲಾ ಅಂತ ಸಿಟ್ಟು ಬಂತು. ಹೊರಗ ಬಂದು ನೀರ ಸುದ್ದಾ ಕೊಡಲಿಲ್ಲ ಅವರಿಗೆ.' ಕಡಲೆಯ ಹೊಟ್ಟನ್ನು ಕೈಯಿಂದ ಒಂದೆಡೆ ಸರಿಸುತ್ತ ಅವಳು ಮಾತು ಮುಂದುವರಿಸಿದಳು. 'ನಾಳೆ ಹೇಳು ನಿಮ್ಮ ಮಂದಿಗೆ. ಕಲಸಾವ್ರಿಗೆ ಕಥಿ ಓದಸ್ರಿ, ಬ್ಯಾಡ ಅನಬ್ಯಾಡ್ರಿ. ಆದ್ರ ಅವರಿಗಷ್ಟ ಓದಿಸಿ ಕೈ ಬಿಡಬ್ಯಾಡ್ರಿ. ನಂಬರ ಹಾಕಾವ್ರಿಗೂ ಓದಸ್ರಿ.' ಅಂಕ ಹಾಕುವವಳು ಈಗ ನಾನೇ ಎಂದು ಅವಳಿಗೆ ಗೊತ್ತಿದ್ದೇ ಹೇಳಿದಳೋ, ಸಹಜವಾಗಿ ಹೇಳಿದಳೋ ತಿಳಿಯಲಿಲ್ಲ. ನನ್ನ ಮುಖ ಬಿಸಿಯಾಯಿತು. ಹೊರಡುವಾಗ, ಕಾಕಾರು ಹೇಗಿದ್ದಾರೆ ಎಂದು ಕೇಳಿದಳು. ಇಲ್ಲ ಎಂದೆ. ಅವಳು ಮೊರ ಎತ್ತಿಕೊಂಡವಳು ಕೇರುವುದನ್ನು ಮರೆತು ನಿಂತಳು.

ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮನೆಗೆ ಕರೆದೊಯ್ಯುವ ಧಾರವಾಡದ ಬಸ್ಸು ಎದುರಿಗೇ ನಿಂತಿತ್ತು. ನಾನು ಅದನ್ನು ದಾಟಿ ಮುಂದೆ ನಡೆದೆ. ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು, ಕಾಕಾ, ಪಾಠ ತಪ್ಪಾಗಿರಲಿಲ್ಲವಂತೆ, ಆಕಿ ಹೇಳಿದಳು, ಸ್ವತಃ ಆಕಿನ ಹೇಳಿದಳು. ಕಾಲುಗಳು ಶಲವಡಿಯ ಹಾದಿಯ ಅಣ್ಣಿಗೇರಿ ಬಸ್ಸಿನ ಬಾಗಿಲವರೆಗೆ ನನ್ನನ್ನು ಕರೆದೊಯ್ದುಬಿಟ್ಟಿದ್ದವು, ಒಂದು ಕಾಲು ಮೆಟ್ಟಿಲ ಮೇಲೂ ಇತ್ತು. 'ಎಲ್ಲಿಗ್ರಿ ಅಕ್ಕಾರ?' ಎಂದು ಕಂಡಕ್ಟರ್ ಕೇಳಿದ. 'ಶಲವಡಿಗೆ' ಎನ್ನಲು ಬಾಯಿ ತೆರೆದೆ. 'ಯಾರ ಮನಿಗೆ?' ಎಂದು ಅವನೇನೂ ಕೇಳಿರಲಿಲ್ಲ. ನಾನೇ ಕಾಲು ಕೆಳಗಿಳಿಸಿದೆ.